ಕಾಗದದೂರಿಗೆ ಬಂದ ವಜ್ರ

ದಾಂಡೇಲಿಯವರಿಗೆ ದಾಖಲೆಪತ್ರ ಹೊಸದೇನಲ್ಲ. ಅರಣ್ಯ ಇಲಾಖೆಯ ಡಿಪೋದಲ್ಲಿ ಮಲಗಿರುವ ಒಂದೊಂದು ಸಾಗವಾನಿ ದಿಮ್ಮಿಗೂ ನಂಬರು, ಉದ್ದ, ಸುತ್ತಳತೆ ಬರೆದಿರುತ್ತದೆ. ಪಾಸಿಲ್ಲದೆ ದಿಮ್ಮಿ ನಾಕಾ ದಾಟುವುದಿಲ್ಲ. ಅದು ಸಾಲದೆಂಬಂತೆ, 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಂಪನಿ ಹುಟ್ಟಿತು; ಆಮೇಲೆ ಕಾಗದವೇ ಊರಿನ ಅನ್ನವಾಯಿತು. ಗಾಳಿಯ ದಿಕ್ಕು ನೋಡಿ ಮಿಲ್ಲಿನ ವಾಸನೆ ಇವತ್ತು ಯಾವ ಓಣಿಯ ಪಾಲಿಗೆ ಎಂದು ಹೇಳಬಲ್ಲ ಜನ ನಾವು. ಇಂಥ ಊರಿನಲ್ಲಿ ಒಂದು ಹರಳಿನ ಜೊತೆ ಬಂದ ಒಂದೇ ಒಂದು ಹಾಳೆ ಇಡೀ ಓಣಿಯ ತಲೆ ತಿಂದಿತು.

ಪಕ್ಕದ ಮನೆಯ ಕಾಕಾ ಮಿಲ್ಲಿನ ಫಿನಿಶಿಂಗ್ ವಿಭಾಗದಲ್ಲಿದ್ದು ನಿವೃತ್ತರಾದವರು. ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೋಗಿ ಅರ್ಧ ಕ್ಯಾರೆಟ್ಟಿನ ಒಂಟಿಹರಳಿನ ಉಂಗುರ ತಂದಿದ್ದರು. ಜೊತೆಗೊಂದು ಸರ್ಟಿಫಿಕೇಟು. ಕಾಕಾ ಅದನ್ನು ಓದಲಿಲ್ಲ. ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತಿಕ್ಕಿದರು, ಕಿಟಕಿಯ ಬೆಳಕಿಗೆ ಹಿಡಿದರು, ಕಿವಿಯ ಹತ್ತಿರ ಒಯ್ದು ಮೆಲ್ಲಗೆ ಅಲ್ಲಾಡಿಸಿ ಸಪ್ಪಳ ಕೇಳಿದರು. "ಮಾಲು ಛಲೋ ಐತ್ರಿ ಮಾಸ್ತರ. ಜಿಎಸ್‌ಎಂ ನೂರಾ ಐವತ್ತರ ಮ್ಯಾಲೇ ಇರಬೇಕು" ಎಂದು ಕಾಗದದ ತೂಕ ಅಂದಾಜು ಮಾಡಿದರು. ಹರಳು ಇನ್ನೂ ಡಬ್ಬಿಯೊಳಗೇ ಇತ್ತು.

ಒಳಗೇನು ಬರೆದಿದೆ ಎಂದು ಓದುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಆಕಾರ, ಮಿಲಿಮೀಟರಿನಲ್ಲಿ ಅಳತೆ, ಆಮೇಲೆ ತೂಕ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ಅದರಲ್ಲಿ ನೂರು ಸೆಂಟು. ಕಾಕಾ ತಂದದ್ದು 50 ಸೆಂಟಿನ ಕಲ್ಲು. 49 ಸೆಂಟಿನದಾಗಿದ್ದರೆ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ, ಕಿಸೆಗೆ ಮಾತ್ರ ಗೊತ್ತಾಗುತ್ತಿತ್ತು. ಅರ್ಧ, ಒಂದು ಎಂಬ ದುಂಡು ಅಂಕಿಗಳ ಹೊಸ್ತಿಲು ದಾಟಿದರೆ ವ್ಯಾಪಾರದಲ್ಲಿ ದರ ಜಿಗಿಯುತ್ತದೆ.

ಬಣ್ಣದ ಸಾಲಿಗೆ ಬಂದಾಗ ಕಾಕಾನ ಹೆಂಡತಿ ಕಾಕುವಿನ ಮುಖ ಸಣ್ಣಗಾಯಿತು. ಅಲ್ಲಿ 'ಎಫ್' ಎಂದಿತ್ತು. "ಇಷ್ಟು ರೊಕ್ಕ ಕೊಟ್ಟು ನಪಾಸಾದ ಕಲ್ಲು ತಂದ್ರೇನು?" ಎಂದು ಗಂಡನನ್ನು ನೋಡಿದರು. ಈ ಅಕ್ಷರಮಾಲೆ ಅಮೆರಿಕದ ರತ್ನಶಾಸ್ತ್ರ ಸಂಸ್ಥೆ ಜಿಐಎಯದು. 1931ರಲ್ಲಿ ಹುಟ್ಟಿದ ಆ ಸಂಸ್ಥೆ ಐವತ್ತರ ದಶಕದಲ್ಲಿ ಬಣ್ಣದ ಪಟ್ಟಿ ಮಾಡುವ ಹೊತ್ತಿಗೆ ಅಂಗಡಿಯವರು ಎ, ಎಎ, ಎಎಎ ಎಂದು ತಮಗೆ ತೋಚಿದಂತೆ ಬಳಸಿ ಆ ಅಕ್ಷರಗಳ ಮಾನ ಕಳೆದಿದ್ದರು. ಅವುಗಳ ಗೊಡವೆಯೇ ಬೇಡವೆಂದು ಇವರು 'ಡಿ'ಯಿಂದ ಶುರುಮಾಡಿದರು. ಡಿ ಅಂದರೆ ಬಣ್ಣವೇ ಇಲ್ಲದ ಕಲ್ಲು. ಜೆಡ್‌ನತ್ತ ಹೋದಂತೆ ಹಳದಿ ಏರುತ್ತದೆ. ಆ ಲೆಕ್ಕಕ್ಕೆ ಎಫ್ ಮೂರನೆಯ ರ‍್ಯಾಂಕು. ಕಾಕುವಿನ ಮುಖಕ್ಕೆ ಕಳೆ ಬಂತು. ಬಣ್ಣ ನೋಡುವಾಗ ಕಲ್ಲನ್ನು ಬೋರಲು ಹಾಕಿ, ಮಾದರಿ ಕಲ್ಲುಗಳ ಪಕ್ಕದಲ್ಲಿಟ್ಟು, ಹೊಟ್ಟೆಯ ಕಡೆಯಿಂದ ನೋಡುತ್ತಾರೆಂಬುದನ್ನು ನಾನು ಹೇಳಲು ಹೋಗಲಿಲ್ಲ. ಉಂಗುರದಲ್ಲಿ ಆ ಹೊಟ್ಟೆ ಯಾರಿಗೂ ಕಾಣುವುದಿಲ್ಲ.

ಸ್ವಚ್ಛತೆಯ ಸಾಲು ಬಂದಾಗ ಕಾಕಾ ಮೈಕೊಡವಿ ಕೂತರು. ಅಲ್ಲಿ ಹರಳಿನ ನಕ್ಷೆ ಬರೆದು, ಒಳಗಿನ ದೋಷಗಳನ್ನು ಕೆಂಪು ಶಾಯಿಯಲ್ಲಿ, ಮೇಲ್ಮೈಯ ಗೀರುಗಳನ್ನು ಹಸಿರಿನಲ್ಲಿ ಗುರುತು ಮಾಡಿರುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಕಂಡದ್ದಷ್ಟೇ ಲೆಕ್ಕಕ್ಕೆ. ಏನೂ ಕಾಣದ 'ಎಫ್‌ಎಲ್'ನಿಂದ ಹಿಡಿದು ಬರಿಗಣ್ಣಿಗೇ ಕಾಣುವ 'ಐ3'ವರೆಗೆ ಹನ್ನೊಂದು ಮೆಟ್ಟಿಲು. ಕಾಕಾ ತಂದದ್ದು ನಡುವಿನ 'ವಿಎಸ್1'. "ಹಂಗಾರ ಇದು ದಿಮ್ಮಿ ಲಿಸ್ಟೇ ಅಲ್ಲೇನ್ರಿ! ಎಲ್ಲಿ ಗಂಟು, ಎಲ್ಲಿ ಸೀಳು, ಎಲ್ಲಿ ಪೊಟರೆ…" ಎಂದರು. ನಿಜವೇ. ಆದರೆ ಬರಿಯ ಲಿಸ್ಟು ಓದಿ ಸಾಗವಾನಿ ಕೊಳ್ಳುವವನನ್ನು ದಾಂಡೇಲಿ ಕಂಡಿಲ್ಲ. ದಿಮ್ಮಿಯ ಸುತ್ತ ಒಂದು ಸುತ್ತು ಹಾಕಿ, ತುದಿ ನೋಡಿ, ಕಾಲಲ್ಲಿ ಒದ್ದು ಆಮೇಲೆ ಬಾಯಿ ತೆರೆಯುತ್ತಾನೆ. ವಜ್ರದ ಅಂಗಡಿಯಲ್ಲಿ ನಾವು ಕಾಗದ ನೋಡಿ ಕಲ್ಲು ಕೊಳ್ಳುತ್ತೇವೆ.

ಇನ್ನೊಂದು ಗೊಂದಲವೂ ಉಂಟು. ಉಂಗುರದ ಒಳಸುತ್ತಿನ ಹಾಲ್‌ಮಾರ್ಕ್, ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಬಂಗಾರದ ಸಾಕ್ಷಿ. ಕಲ್ಲಿನ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಕಲ್ಲಿನ ಕಾಗದದಲ್ಲೋ ಬೆಲೆಯ ಮಾತೇ ಇಲ್ಲ. ಸರ್ಟಿಫಿಕೇಟು ಎಂದು ನಾವು ಕರೆಯುವುದನ್ನು ಜಿಐಎ ವರದಿ ಎಂದಷ್ಟೇ ಕರೆಯುತ್ತದೆ. ಇದು ಗ್ಯಾರಂಟಿಯೂ ಅಲ್ಲ, ಮೌಲ್ಯಮಾಪನವೂ ಅಲ್ಲ ಎಂದು ಸಣ್ಣಕ್ಷರದಲ್ಲಿ ಕೈ ತೊಳೆದುಕೊಳ್ಳುತ್ತದೆ. ವರದಿ ಈ ಕಲ್ಲಿನದೇ ಎಂಬುದಕ್ಕೆ ಹರಳಿನ ಸೊಂಟದಲ್ಲಿ ಲೇಸರಿನಿಂದ ಕೆತ್ತಿದ ನಂಬರೇ ಆಧಾರ. ಅಂಗಡಿಯ ಮಸೂರದಲ್ಲಿ ಅದನ್ನು ತೋರಿಸೆಂದು ಕೇಳುವುದಕ್ಕೆ ನಮ್ಮವರಿಗೆ ಸಂಕೋಚ. ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹಾಕಿಸಿಕೊಳ್ಳುವ ನಮ್ಮ ಕಾಕುವೂ ಅಲ್ಲಿ ತಣ್ಣಗೆ ಕೂತು ಕೊಟ್ಟ ಕಾಫಿ ಕುಡಿದು ಬಂದಿದ್ದರು.

ಪರೀಕ್ಷೆಯೇನೂ ಪಡುವಣದವರ ಗುತ್ತಿಗೆಯಲ್ಲ. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವಜ್ರಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ತೂಕಕ್ಕೆ ಅಕ್ಕಿಕಾಳಿನ ಲೆಕ್ಕ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನೂ ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ರತ್ನಗಳ ಗುಣದೋಷ ಹೇಳುತ್ತಾನೆ. ಒಳ್ಳೆಯ ವಜ್ರ ನೀರಿನ ಮೇಲೆ ತೇಲುತ್ತದೆ ಎಂದೂ ವರಾಹಮಿಹಿರ ಬರೆದುಬಿಟ್ಟಿದ್ದಾನೆ. ನೀರಿಗಿಂತ ಮೂರೂವರೆ ಪಟ್ಟು ಭಾರದ ಕಲ್ಲು! ಕಾಳಿ ನದಿ ಇಷ್ಟು ಹತ್ತಿರವಿರುವಾಗ ಈ ವಿಷಯವನ್ನು ಕಾಕಾನ ಕಿವಿಗೆ ಹಾಕಬಾರದೆಂದು ಸುಮ್ಮನಿದ್ದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಫೋನಿನಲ್ಲೇ ತಕರಾರು ತೆಗೆದಳು: ಇದೇ ದುಡ್ಡಿಗೆ ಲ್ಯಾಬಿನಲ್ಲಿ ಬೆಳೆಸಿದ ವಜ್ರ ಎಷ್ಟು ದೊಡ್ಡದು ಬರುತ್ತಿತ್ತು! ಅದೂ ಅಪ್ಪಟ ಇಂಗಾಲವೇ, ಅಷ್ಟೇ ಗಟ್ಟಿ. ಬರಿಗಣ್ಣಿಗೆ ಭೇದ ಕಾಣದು. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟದ್ದೂ ಏಳೂವರೆ ಕ್ಯಾರೆಟ್ಟಿನ ಅಂಥ ವಜ್ರವೇ. ಹಾಗಾಗಿ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಕಲ್ಲು ನೆಲದೊಳಗಿನದೋ, ಲ್ಯಾಬಿನದೋ ಎಂಬ ಮಾತನ್ನು. ಕಾಕಾನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಪ್ಲಾಂಟೇಶನ್ ಸಾಗವಾನಿ ಅನ್ರಿ" ಎಂದರು. "ಅದೂ ಸಾಗವಾನಿನ. ರೇಟು ಬ್ಯಾರೆ."

ಕೊನೆಯ ಸಾಲು ಫ್ಲೋರೆಸೆನ್ಸ್. ಅತಿನೇರಳೆ ಬೆಳಕು ಬಿದ್ದರೆ ಕೆಲವು ವಜ್ರಗಳು ನೀಲಿಯಾಗಿ ಹೊಳೆಯುತ್ತವೆ. ಕಾಕಾನ ಕಲ್ಲಿಗೆ ಆ ಗುಣ 'ಇಲ್ಲ' ಎಂದಿತ್ತು, ಅದೇ ಅದರ ಹೆಚ್ಚುಗಾರಿಕೆಯೆಂದು ಅಂಗಡಿಯವ ಹೇಳಿ ಕಳಿಸಿದ್ದ. ಈಗ ಬಣ್ಣವಿಲ್ಲದ ಕಲ್ಲಿನಲ್ಲಿ ನೀಲಿ ಜೋರಾಗಿದ್ದರೆ ದರ ಮುರಿಯುತ್ತಾರೆ. ನಮ್ಮ ಹಿಂದಿನವರಿಗೆ ಅದೇ ನೀಲಿಯೇ ಬೇಕಿತ್ತು. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರು ಹೊತ್ತ 'ಬ್ಲೂ ಜಾಗರ್' ಮೂಗುತಿ, ಬೆಂಡೋಲೆ ಎಂದರೆ ಮನೆತನದ ಮಾತು. ಈ ಹೊಳಪಿನಿಂದ ಕಲ್ಲಿನ ಚೆಲುವಿಗೆ ಆಗುವ ವ್ಯತ್ಯಾಸ ಸಾಮಾನ್ಯರ ಕಣ್ಣಿಗೆ ಕಾಣುವುದೇ ಇಲ್ಲವೆಂದು ಜಿಐಎ 1997ರಲ್ಲೇ ಪರೀಕ್ಷೆ ಮಾಡಿ ತೋರಿಸಿತು. ದರದವರು ಕೇಳಬೇಕಲ್ಲ.

ಕಾಕುವಿನ ಮೂಗಿನಲ್ಲಿರುವುದು ಅತ್ತೆ ಕೊಟ್ಟ ಬ್ಲೂ ಜಾಗರ್. ಉತ್ಸಾಹ ಏರಿದ್ದ ಕಾಕಾ ಅದಕ್ಕೂ ಒಂದು ವರದಿ ಮಾಡಿಸಿಬಿಡೋಣವೆಂದರು. ಅದಕ್ಕೆ ಕಲ್ಲನ್ನು ಬಂಗಾರದಿಂದ ಬಿಡಿಸಿ ಮುಂಬಯಿಗೆ ಕಳಿಸಬೇಕಾದೀತು ಎಂದೆ.

"ಮದುವಿ ಮನ್ಯಾಗ ಬೀಗರ ಮುಂದ ಬರೇ ಮೂಗಿಲೇ ಓಡಾಡ್ಲೇನು?" ಎಂದರು ಕಾಕು. "ಅವರು ಕೇಳಿದ್ರ ನೀವು ಆ ಕಾಗದ ತೋರಸ್ರಿ. ಜಿಎಸ್‌ಎಂ ಎಷ್ಟ ಅಂತನೂ ಹೇಳ್ರಿ."