ನ್ಯಾಮತಿ ಕೇಂದ್ರಿತ ಉಷ್ಣವಲಯ ವಿಹಾರ ಮೀಮಾಂಸೆ

ಪೀಠಿಕೆ

ಜ್ವಾಲಾಮುಖಿ, ಕಡಲತೀರ, ಊರಿನ ಬಸ್ಸು ಈ ಮೂರನ್ನೂ ಒಂದೇ ರಜೆಯಲ್ಲಿ ಹೊಂದಿಸುವ ವಿದ್ಯೆಗೆ ಕನ್ನಡದಲ್ಲಿ ಇನ್ನೂ ಲಕ್ಷಣಗ್ರಂಥ ಬಂದಿಲ್ಲ. ಅಡಿಕೆಯ ಕೊಳೆರೋಗದ ಮೇಲೆ ಪುಸ್ತಕಗಳಿವೆ, ಮೆಕ್ಕೆಜೋಳದ ಸೈನಿಕ ಹುಳುವಿನ ಮೇಲೆ ಕರಪತ್ರಗಳಿವೆ, ಪ್ರವಾಸದ ಮೇಲೆ ಮಾತ್ರ ಮೊಬೈಲಿನಲ್ಲಿ ಓಡುವ ರೀಲ್ಸು. ಈ ಕೊರತೆಯನ್ನು ತುಂಬುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ವಾಡಿಕೆ. ಅಧಿಕಾರಿ: ಮಗಳು ಬಾಲಿ ದ್ವೀಪದ ರೀಲ್ಸ್ ತೋರಿಸಿದ ದಿನದಿಂದ ನಿದ್ದೆಗೆಟ್ಟಿರುವ ನ್ಯಾಮತಿಯ ಗೃಹಸ್ಥ. ವಿಷಯ: ರಜೆ. ಸಂಬಂಧ: ಭಾವಮೈದುನನ ಮನೆಯವರೂ ಜೊತೆಗೆ ಬರುತ್ತಾರೆ. ಪ್ರಯೋಜನ: ಹೋಗಿಬಂದ ಮೇಲೆ ಸಂತೆಯ ದಿನ ಹೇಳಿಕೊಳ್ಳಲು ಒಂದಿಷ್ಟು ಮಾತು.

ಸೂತ್ರ 1: ಹುಡುಕುವವನು ನಿಂತ ನೆಲವೇ ಉಷ್ಣವಲಯ

ಭಾಷ್ಯ: ಉಷ್ಣವಲಯಕ್ಕೆ ಹೋಗಬೇಕೆನ್ನುವವರು ಮೊದಲು ತಾವೆಲ್ಲಿ ನಿಂತಿದ್ದೇವೆಂದು ನೋಡಿಕೊಳ್ಳತಕ್ಕದ್ದು. ಕರ್ಕಾಟಕ ವೃತ್ತ ಇರುವುದು ಇಪ್ಪತ್ಮೂರೂವರೆ ಡಿಗ್ರಿ ಉತ್ತರದಲ್ಲಿ. ನ್ಯಾಮತಿ ಇರುವುದು ಸುಮಾರು 14 ಡಿಗ್ರಿಯಲ್ಲಿ. 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗುವ ಮೊದಲೂ ಅದು ಉಷ್ಣವಲಯದಲ್ಲೇ ಇತ್ತು, ಆದ ಮೇಲೂ ಅಲ್ಲೇ ಇದೆ. ಇದಕ್ಕೆ ಯಾವ ಗೆಜೆಟ್ ಅಧಿಸೂಚನೆಯೂ ಬೇಕಿಲ್ಲ.

ಈ ಅಕ್ಷಾಂಶದ ಗೆರೆಯನ್ನು ಪೂರ್ವಕ್ಕೆ ಎಳೆದರೆ ಫಿಲಿಪ್ಪೀನ್ಸಿನ ತಾಲ್ ಜ್ವಾಲಾಮುಖಿ ಸಿಗುತ್ತದೆ. 2020ರ ಜನವರಿಯಲ್ಲಿ ಅದು ಬೂದಿ ಕಾರಿ ಮನಿಲಾದ ವಿಮಾನ ಹಾರಾಟವನ್ನೇ ನಿಲ್ಲಿಸಿತ್ತು. ಪಶ್ಚಿಮಕ್ಕೆ ಎಳೆದರೆ ತುಸು ಮೇಲೆ ಕೆರಿಬಿಯನ್ ಕಡಲಿನ ಮಾರ್ಟಿನಿಕ್ ದ್ವೀಪ. ಅಲ್ಲಿನ ಪೆಲೆ ಪರ್ವತ 1902ರ ಮೇ 8ರಂದು ಸಿಡಿದು ಸೇಂಟ್ ಪಿಯೆರ್ ಪಟ್ಟಣದ ಸುಮಾರು 28,000 ಜನರನ್ನು ನಿಮಿಷಗಳಲ್ಲಿ ಬಲಿ ತೆಗೆದುಕೊಂಡಿತು. ಇಂಥ ಗೆರೆಯ ಮೇಲಿದ್ದೂ ಸಂಜೆ ನೆಮ್ಮದಿಯಾಗಿ ಮಂಡಕ್ಕಿ-ಮೆಣಸಿನಕಾಯಿ ತಿನ್ನಬಹುದಾದ ಊರು ನಮ್ಮದು ಎಂಬುದನ್ನು ವಿದ್ವಾಂಸರು ಇದುವರೆಗೆ ಗಮನಿಸಿಲ್ಲ.

ಆಕ್ಷೇಪ: ಪ್ರಮಾಣವೇನು? ಸಮಾಧಾನ: ಪ್ರತ್ಯಕ್ಷವೇ ಪ್ರಮಾಣ. ಉಷ್ಣವಲಯದ ಊರುಗಳಲ್ಲಿ ಮಾತ್ರ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ನ್ಯಾಮತಿಗೆ ಆ ಯೋಗ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ. ಆಗ ನಡುಮಧ್ಯಾಹ್ನ ಕರೆಂಟಿನ ಕಂಬದ ನೆರಳು ಕಂಬದ ಬುಡದಲ್ಲೇ ಮಾಯ. ಅದನ್ನೇ ನಂಬಿ ನಿಂತಿದ್ದ ಪ್ರಯಾಣಿಕರು ತಲೆಯ ಮೇಲೆ ಟವೆಲ್ ಎಳೆದುಕೊಂಡು ಎಳನೀರಿನ ಗಾಡಿಯ ಕಡೆ ಸರಿಯುತ್ತಾರೆ. ಬಸ್ಸಿಗೆ ಕಾಯುವವನಿಗೆ ನೆರಳಿಲ್ಲದಿರುವುದು ಈ ದಿನಗಳ ಮಟ್ಟಿಗೆ ಖಗೋಳ ವಿದ್ಯಮಾನ. ಇದಕ್ಕೆ ಯಾವ ಕಚೇರಿಯೂ ಹೊಣೆಯಲ್ಲ.

ಸೂತ್ರ 2: ಪೂರ್ವಪಕ್ಷಗಳು ಎರಡು, ಎರಡಕ್ಕೂ ವಿಮಾನ ಬೇಕು

ಭಾಷ್ಯ: ಮೊದಲನೆಯದು ಬಾಲಿ ಪಂಥ. ಇಂಡೊನೇಷ್ಯಾದಲ್ಲಿ ಸುಮಾರು 130 ಜೀವಂತ ಜ್ವಾಲಾಮುಖಿಗಳಿವೆ, ಬಾಲಿಯಲ್ಲೇ ಬಾತೂರ್, ಆಗುಂಗ್ ಎಂಬ ಎರಡಿವೆ. ನಡುರಾತ್ರಿ ಎದ್ದು ಬಾತೂರ್ ಹತ್ತಿ ಸೂರ್ಯೋದಯ ನೋಡಿ, ಮಧ್ಯಾಹ್ನ ಕಡಲಿಗಿಳಿಯಬಹುದು ಎಂಬುದು ಇವರ ವಾದ. ವಾದ ಚೆನ್ನಾಗಿಯೇ ಇದೆ. ಆದರೆ 2017ರ ನವೆಂಬರಿನಲ್ಲಿ ಆಗುಂಗ್ ಹೊಗೆಯೆಬ್ಬಿಸಿ ವಿಮಾನ ನಿಲ್ದಾಣ ಮುಚ್ಚಿದಾಗ ಪ್ರವಾಸಿಗರು ಸಾವಿರಗಟ್ಟಲೆ ಅಲ್ಲೇ ಸಿಕ್ಕಿಬಿದ್ದರೆಂಬುದನ್ನು ಈ ಪಂಥದವರು ಅಡಿಟಿಪ್ಪಣಿಯಲ್ಲೂ ಹೇಳುವುದಿಲ್ಲ. ಊರಿನ ವಾಹನ ಎನ್ನೋಣವೆಂದರೆ, ಒಂದು ಕಾಲದಲ್ಲಿ ಅಲ್ಲಿ ಓಡುತ್ತಿದ್ದ ಬೆಮೊ ಎಂಬ ಪುಟ್ಟ ವ್ಯಾನುಗಳು ಈಗ ಅಪರೂಪ. ಬಾಡಿಗೆ ಸ್ಕೂಟರೇ ಗತಿ, ಅದರ ಮೇಲೆ ಅಜ್ಜಿಯನ್ನು ಕೂರಿಸುವ ಬಗೆಯನ್ನು ಯಾರೂ ನಿರೂಪಿಸಿಲ್ಲ.

ವೀಸಾದ ವಿಷಯವಂತೂ ಸೂಕ್ಷ್ಮ. ಅಲ್ಲಿ ಇಳಿದ ಮೇಲೆ ಕೊಡುವ ವೀಸಾಕ್ಕೆ ಶುಲ್ಕ ಐದು ಲಕ್ಷ ರುಪಿಯ. ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಆಸುಪಾಸು ಎಂದು ಮಗಳು ವಿವರಿಸುವುದರೊಳಗೆ ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದಿರುತ್ತಾರೆ. “ಐದ್ ಲಕ್ಷನಾ? ಅಷ್ಟಿದ್ರೆ ಹೊಲಕ್ಕೆ ಎರಡು ಬೋರ್ ಕೊರೆಸಬಹುದಿತ್ತಲ್ಲೇ ತಂಗೀ!” ಈ ಒಂದು ವಾಕ್ಯಕ್ಕೆ ಬಾಲಿ ಪಂಥ ಇಂದಿಗೂ ಉತ್ತರ ಕೊಟ್ಟಿಲ್ಲ.

ಎರಡನೆಯದು ಅಂಡಮಾನ್ ಪಂಥ. ಎಲ್‌ಟಿಸಿ ಸೌಲಭ್ಯವಿರುವ ಕೇಂದ್ರ ಸರ್ಕಾರಿ ನೌಕರರು ಇದರ ಮುಖ್ಯ ಆಚಾರ್ಯರು. ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಇರುವುದು ಅಲ್ಲಿನ ಬ್ಯಾರನ್ ದ್ವೀಪದಲ್ಲಿ, ಈಗ ಶ್ರೀವಿಜಯಪುರಂ ಎನ್ನಿಸಿಕೊಂಡಿರುವ ಪೋರ್ಟ್ ಬ್ಲೇರಿನಿಂದ ಸುಮಾರು 138 ಕಿಲೋಮೀಟರ್ ದೂರ. ಅದು ಉಗುಳಿದ್ದು ಮೊದಲು ದಾಖಲಾದದ್ದು 1787ರಲ್ಲಿ. ಆಮೇಲೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಮಲಗಿದ್ದು 1991ರಲ್ಲಿ ಎದ್ದಿತು, ಈಗಲೂ ಆಗಾಗ ಕೆಮ್ಮುತ್ತದೆ. ಆದರೆ ದ್ವೀಪದ ಮೇಲೆ ಇಳಿಯುವ ಹಾಗಿಲ್ಲ. ಅನುಮತಿ ಪಡೆದು ದೋಣಿಯಲ್ಲಿ ಕೂತು ದೂರದಿಂದ ನೋಡಿ ಬರಬೇಕು. ದ್ವೀಪದಲ್ಲಿ ಜನರಿಲ್ಲ, ಕಾಡುಬಿದ್ದ ಮೇಕೆಗಳಿವೆ. ಮೇಕೆ ನೋಡಲು ನ್ಯಾಮತಿಯವರು ಬಂಗಾಳಕೊಲ್ಲಿ ದಾಟಬೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಬಾರಾಟಾಂಗಿನಲ್ಲಿ ಕೆಸರು ಜ್ವಾಲಾಮುಖಿ ಇದೆಯಲ್ಲ ಎಂದರೆ, ಅಲ್ಲಿ ಕಾಣುವುದು ಗುಳುಗುಳು ಎನ್ನುವ ಕೆಸರು. ಗದ್ದೆ ನಾಟಿ ಮಾಡಿದ ಕಾಲುಗಳಿಗೆ ಅದರಲ್ಲಿ ಹೊಸತೇನಿಲ್ಲ.

ಇನ್ನು ಎರಡೂ ಪಂಥಗಳನ್ನು ಅಜ್ಜಿಯ ಒರೆಗಲ್ಲಿಗೆ ಹಚ್ಚಬೇಕು. ಅಜ್ಜಿಯ ಪ್ರಶ್ನೆ ಒಂದೇ: “ಅಲ್ಲಿ ದೇವಸ್ಥಾನ ಐತೇನಪ್ಪ, ಊಟ ಹಾಕ್ತಾರಾ?” ಆಗುಂಗ್ ಬೆಟ್ಟದ ಇಳಿಜಾರಿನಲ್ಲಿ ಬೆಸಾಕಿ ಎಂಬ ದೊಡ್ಡ ಹಿಂದೂ ದೇವಾಲಯ ಇರುವುದರಿಂದ ಬಾಲಿ ಪಂಥಕ್ಕೆ ಅರ್ಧ ಅಂಕ ಸಲ್ಲುತ್ತದೆ. ಬ್ಯಾರನ್ ದ್ವೀಪಕ್ಕೆ ಸೊನ್ನೆ.

ಸೂತ್ರ 3: ಬೆಂಕಿ ಹತ್ತಿರವೇ ಇದೆ, ಆರಿದೆ ಅಷ್ಟೇ

ಭಾಷ್ಯ: ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳಿವೆ. ಕಡಲಿನ ತಳದಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿದೊಡನೆ ಮೇಲೆ ಹೆಪ್ಪುಗಟ್ಟಿ, ಒಳಗಿನ ಬಿಸಿ ಒತ್ತಿ ಮತ್ತೊಂದು ಉಂಡೆಯಾಗಿ ಹೊರಬಂದು, ಹೀಗೆ ಒಂದರ ಮೇಲೊಂದು ಕೂತಾಗ ಈ ಆಕಾರ ಬರುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮಳೆ ಕಾಣದೆ ಒಣಗುವ ಆ ಸೀಮೆಯಲ್ಲಿ ಒಮ್ಮೆ ಕಡಲಿತ್ತು, ಜ್ವಾಲಾಮುಖಿಯೂ ಇತ್ತು, ಎರಡೂ ಒಂದೇ ಜಾಗದಲ್ಲಿದ್ದವು. ನಾವು ಹೊರಡುವುದು ತಡವಾಯಿತು.

ತಡವಾದವರಿಗೂ ಒಂದು ದಾರಿಯಿದೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸ್ವಲ್ಪ ದೂರ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ತೀರದಲ್ಲಿ ಸಾಲಾಗಿ ನಿಂತಿರುವ ಆರು ಮೂಲೆಯ, ಐದು ಮೂಲೆಯ ಕಲ್ಲುಕಂಬಗಳನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ದಪ್ಪ ಲಾವಾ ಮೆಲ್ಲಗೆ ತಣಿದು ಕುಗ್ಗುವಾಗ ಬಿಟ್ಟ ಬಿರುಕುಗಳವು. ಬಸಾಲ್ಟ್ ಎಂದು ಹೆಸರು ಹೋಗಿದ್ದರೂ ಕಲ್ಲು ರಯೋಲೈಟ್ ಜಾತಿಯದು, ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಅದುವರೆಗೆ ಒಂದೇ ಮನೆಯಲ್ಲಿದ್ದ ಮಡಗಾಸ್ಕರ್ ತನ್ನ ಹಿಸ್ಸೆ ತೆಗೆದುಕೊಂಡು ಬೇರೆ ಹೋಗುವ ಕಾಲಕ್ಕೆ ನೆಲ ಬಿರಿದು ಉಕ್ಕಿದ ಲಾವಾ ಇದು. ಅಣ್ಣತಮ್ಮಂದಿರ ಪಾಲಿನಲ್ಲಿ ನಮ್ಮ ಭಾಗಕ್ಕೆ ಉಳಿದದ್ದು ಈ ಕಂಬಗಳು. ಕೋರ್ಟಿಗೆ ಹೋಗದೆ ಮುಗಿದ ಹಿಸ್ಸೆಗಳಲ್ಲಿ ಇದು ಅತಿ ಹಳೆಯದಿರಬೇಕು.

ಕಂಬದ ಬುಡದಲ್ಲಿ ಮರಳಿಗಿಂತ ಹೆಚ್ಚಾಗಿ ಚಿಪ್ಪು, ಮೇಲೆ ತೆಂಗು, ಸುತ್ತ ನೀರು. ಜ್ವಾಲಾಮುಖಿ ಮತ್ತು ಕಡಲತೀರ ಒಂದೇ ದೋಣಿ ಟಿಕೆಟ್ಟಿನಲ್ಲಿ ಮುಗಿದವು. ದಾರಿಯಲ್ಲೇ ಉಡುಪಿಯ ಕೃಷ್ಣಮಠ, ಅಲ್ಲಿ ಊಟ. ಅಜ್ಜಿಯ ಒರೆಗಲ್ಲಿನಲ್ಲಿ ಮಲ್ಪೆ ಪಂಥಕ್ಕೆ ಪೂರ್ಣಾಂಕ.

ಸೂತ್ರ 4: ವೇಳಾಪಟ್ಟಿಗೆ ಪಾಠಾಂತರಗಳುಂಟು

ಭಾಷ್ಯ: ನ್ಯಾಮತಿಗೆ ರೈಲಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದ್ದರೂ ವಿಮಾನ ಮಲ್ಪೆಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಬಸ್ಸೇ ಪರಮಗತಿ: ಸವಳಂಗದ ಮೇಲೆ ಶಿವಮೊಗ್ಗ, ಅಲ್ಲಿಂದ ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ, ಮಲ್ಪೆ.

ಹೊರಡುವ ವೇಳೆಯ ಬಗ್ಗೆ ಗ್ರಂಥಸಂಪಾದನೆಯ ಶಿಸ್ತಿನಿಂದ ಮುಂದುವರಿಯಬೇಕು. ಬಸ್ ನಿಲ್ದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು ಮೂಲಪಾಠ. ಅಲ್ಲಲ್ಲಿ ಸುಣ್ಣ ಉದುರಿ ಅಕ್ಷರಲೋಪವಾಗಿದೆ. ಚಹಾದಂಗಡಿಯವನು ಹೇಳುವುದು ಪಾಠಾಂತರ. “ಈಗ ಬಂದ್ಬಿಡ್ತೈತಿ ಕೂತ್ಕೊಳ್ರಿ” ಎಂಬುದು ಪ್ರಕ್ಷಿಪ್ತ. ಚಹಾ ಮಾರಾಟದ ಉದ್ದೇಶದಿಂದ ನಂತರದ ಕಾಲದಲ್ಲಿ ಸೇರಿದ್ದು. ಕಂಡಕ್ಟರ್ ಬಾಯಿಂದ ಬಂದದ್ದೇ ಪರಿಷ್ಕೃತ ಪಾಠ, ಅದಕ್ಕೆ ಮೇಲ್ಮನವಿಯಿಲ್ಲ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಪರಿಣಾಮವನ್ನೂ ಇಲ್ಲಿ ಚರ್ಚಿಸಬೇಕು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮನೆಯ ಹೆಂಗಸರೆಲ್ಲ ಸೊನ್ನೆ ರೂಪಾಯಿಯ ಚೀಟಿ ಹಿಡಿದು ಕಿಟಕಿಯ ಪಕ್ಕ ಕೂರುತ್ತಾರೆ. ಗೃಹಸ್ಥ ದುಡ್ಡು ಕೊಟ್ಟು ನಿಲ್ಲುತ್ತಾನೆ. ಆದರೆ ಕರಾವಳಿಯಲ್ಲಿ ಖಾಸಗಿ ಬಸ್ಸುಗಳದೇ ರಾಜ್ಯ. ಆದ್ದರಿಂದ ಶಕ್ತಿಯ ಪ್ರಭಾವವಲಯ ಘಟ್ಟ ಇಳಿಯುತ್ತಿದ್ದಂತೆ ಕ್ಷೀಣಿಸುತ್ತದೆಂಬ ನಿಯಮವನ್ನು ಸ್ಥಾಪಿಸಬಹುದು. ಮಲೆನಾಡಿನ ಬಸ್ಸಿನ ಚರಿತ್ರೆ ಬರೆಯುವವರು ಕೊಪ್ಪದ ಸಹಕಾರ ಸಾರಿಗೆಗೂ ಒಂದು ನಮಸ್ಕಾರ ಸಲ್ಲಿಸಬೇಕು: 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿ, ಮೂರು ದಶಕದ ಹತ್ತಿರ ನಡೆಸಿ, 2020ರಲ್ಲಿ ನಿಲ್ಲಿಸಬೇಕಾಗಿ ಬಂದ ಸಂಸ್ಥೆಯದು.

ಆಗುಂಬೆ ಘಾಟಿಯಲ್ಲಿ ಹೇರ್‌ಪಿನ್ ತಿರುವುಗಳು 14. ನ್ಯಾಮತಿಯ ಅಕ್ಷಾಂಶವೂ 14 ಎಂಬುದು ಕಾಕತಾಳೀಯವಲ್ಲವೆಂದು ವಾದಿಸುವ ಆಸೆಯಿದೆ, ಸದ್ಯಕ್ಕೆ ತಡೆದುಕೊಂಡಿದ್ದೇವೆ. ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿದು ನಿಂಬೆಹಣ್ಣು ಮೂಸಬೇಕೆಂಬುದು ಶಿಷ್ಟಾಚಾರ. ಉಡುಪಿ ಮುಟ್ಟಿದ ಮೇಲೆ ಸಿಟಿ ಬಸ್ಸು. ಅಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಸೀಟಿ ಊದುತ್ತಾನೆ, ಒಂದು ಸೀಟಿಗೆ ಬಸ್ಸು ನಿಲ್ಲುತ್ತದೆ, ಮತ್ತೊಂದಕ್ಕೆ ಹೊರಡುತ್ತದೆ, ನಡುವೆ “ದುಂಬು ಪೋಲೆ” ಎಂದು ಕೂಗುತ್ತಾನೆ. ತುಳು ಬಾರದ ದೊಡ್ಡಪ್ಪನೂ ಜನ ತಳ್ಳುವ ರಭಸಕ್ಕೆ ಮುಂದೆ ಹೋಗುತ್ತಾರೆ.

ಸೂತ್ರ 5: ಕಾಲನಿರ್ಣಯವೇ ಕಠಿಣ

ಭಾಷ್ಯ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಇತ್ತ ಜೋಳದ ಬಿತ್ತನೆ, ಗೊಬ್ಬರದ ಸರತಿ. ಅಕ್ಟೋಬರ್-ನವೆಂಬರಿಗೆ ದೋಣಿ ಸಿದ್ಧ, ಆದರೆ ಜೋಳದ ಕಟಾವು, ಅಡಿಕೆ ಕೊಯ್ಲು. ಫೆಬ್ರವರಿ 15ರ ಸಂತ ಸೇವಾಲಾಲ್ ಜಯಂತಿಗೆ ನಮ್ಮ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೇ ಮಹಾರಾಷ್ಟ್ರ, ತೆಲಂಗಾಣಗಳಿಂದ ಭಕ್ತರು ಬಂದು ತುಂಬುತ್ತಾರೆ. ಜಗತ್ತು ನ್ಯಾಮತಿಯ ಕಡೆ ಬರುವಾಗ ನಾವು ಬಿಟ್ಟು ಹೋಗುವುದು ಸೌಜನ್ಯವಲ್ಲ. ಮಾರ್ಚಿನಲ್ಲಿ ಪರೀಕ್ಷೆ. ಏಪ್ರಿಲ್-ಮೇ ತಿಂಗಳಲ್ಲಿ ಮದುವೆ; ಒಂದಕ್ಕೆ ಹೋಗಿ ಇನ್ನೊಂದಕ್ಕೆ ತಪ್ಪಿಸಿದರೆ ಹೋಗದ ಕಡೆಯವರು ಹತ್ತು ವರ್ಷ ನೆನಪಿಡುತ್ತಾರೆ. ಉಳಿಯುವುದು ಡಿಸೆಂಬರ್-ಜನವರಿಯ ನಡುವಿನ ಒಂದು ಸಣ್ಣ ಸಂದಿ.

ಆ ಸಂದಿಯಲ್ಲೂ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ: ಎಮ್ಮೆ ಹಿಂಡುವವರು ಯಾರು? ಎಮ್ಮೆ ಒಬ್ಬರ ಕೈಗೆ ಮಾತ್ರ ಹಾಲು ಬಿಡುತ್ತದೆ, ಆ ಒಬ್ಬರೇ ಪ್ರವಾಸಕ್ಕೆ ಹಟ ಹಿಡಿದವರು. ಈ ಗಂಟನ್ನು ಬಿಡಿಸಲು ಪಕ್ಕದ ಮನೆಯವರೊಡನೆ ಹಿಂದಿನ ವರ್ಷದಿಂದಲೇ ಬಾಂಧವ್ಯ ಬೆಳೆಸತಕ್ಕದ್ದು.

ಸಿದ್ಧಾಂತ

ಜ್ವಾಲಾಮುಖಿ ಬೇಕು, ಕಡಲು ಬೇಕು, ಬಸ್ಸೂ ಬೇಕು ಎನ್ನುವ ನ್ಯಾಮತಿಯವರಿಗೆ ಮಲ್ಪೆಯೇ ಗತಿ ಎಂದು ಈ ಮೀಮಾಂಸೆ ತೀರ್ಮಾನಿಸುತ್ತದೆ. ಬಾಲಿಗೆ ಹೋಗಬೇಡಿ ಎಂದು ಶಾಸ್ತ್ರ ಹೇಳುವುದಿಲ್ಲ. ಎರಡು ಬೋರಿನ ಪ್ರಶ್ನೆಗೆ ಉತ್ತರ ಹೊಂದಿಸಿಕೊಂಡು ಹೋಗಿ ಎನ್ನುತ್ತದೆ. ಮಲ್ಪೆಗೆ ಹೊರಟವರು ದೋಣಿ ನಡೆಯುತ್ತಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ದ್ವೀಪದಲ್ಲಿ ರಾತ್ರಿ ಉಳಿಯುವ ವ್ಯವಸ್ಥೆಯಿಲ್ಲ, ಕೊನೆಯ ದೋಣಿ ತಪ್ಪಿಸಬೇಡಿ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಎಂಟೂವರೆ ಕೋಟಿ ವರ್ಷ ದಾಟಿದ ಕಂಬದ ಮೇಲೆ ನಿಮ್ಮ ಹೆಸರು ಕೆತ್ತಬೇಡಿ, ಮಂಡಕ್ಕಿಯ ಪ್ಲಾಸ್ಟಿಕ್ ಚೀಲವನ್ನು ಊರಿಗೇ ವಾಪಸ್ ತನ್ನಿ. ಹಿಂದಿರುಗುವ ಬಸ್ಸಿನ ವೇಳೆಯನ್ನು ಮಾತ್ರ ಗೋಡೆ ನೋಡಿ ನಂಬಬೇಡಿ, ಕಂಡಕ್ಟರನ್ನೇ ಕೇಳಿ.