ಕೇಬಲ್ ರಾಯರು

ಪ್ರತಿ ಅಪಾರ್ಟ್‌ಮೆಂಟಿಗೂ ಒಬ್ಬ ಪ್ಲಂಬರು, ಒಬ್ಬ ಎಲೆಕ್ಟ್ರಿಷಿಯನ್ನು, ಒಬ್ಬ ಸೆಕ್ರೆಟರಿ ಇದ್ದೇ ಇರುತ್ತಾರೆ. ಹಾಗೆಯೇ ಒಬ್ಬ ಕೇಬಲ್ ರಾಯರೂ ಇರುತ್ತಾರೆ. ಮೊದಲಿನ ಇಬ್ಬರು ಕರೆದರೂ ಬರುವುದಿಲ್ಲ. ಸೆಕ್ರೆಟರಿ ಮೇಂಟೆನೆನ್ಸ್ ಬಾಕಿ ಇದ್ದರೆ ಮಾತ್ರ ಬರುತ್ತಾರೆ. ರಾಯರು ಕರೆಯುವ ಮೊದಲೇ ಬಂದಿರುತ್ತಾರೆ. ಹೊಸ ಮಾನಿಟರಿನ ಅಗಲವಾದ ರಟ್ಟಿನ ಡಬ್ಬ ಗೇಟು ದಾಟಿ, ಲಿಫ್ಟಿನಲ್ಲಿ ಓರೆಯಾಗಿ ನಿಂತು ಮೇಲೇರುವಷ್ಟರಲ್ಲಿ ಸುದ್ದಿ ಅವರಿಗೆ ಮುಟ್ಟಿರುತ್ತದೆ. ಥರ್ಮೋಕೋಲು ಕಿರುಗುಟ್ಟುತ್ತ ಡಬ್ಬದಿಂದ ಹೊರಬರುವ ಹೊತ್ತಿಗೆ ಬಾಗಿಲಲ್ಲೊಂದು ಕೆಮ್ಮು ಕೇಳಿಸುತ್ತದೆ.

“ಫೋರ್ ಕೆ-ನಾ?”

ನಮ್ಮ ಬ್ಲಾಕಿನ ರಾಯರು ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ತಲೆಮಾರಿನವರು. ಟೆಸ್ಟಿಂಗ್ ವಿಭಾಗದಿಂದ ನಿವೃತ್ತರಾದವರು. ನಿವೃತ್ತಿಯಾಯಿತು, ಟೆಸ್ಟಿಂಗ್ ನಿಲ್ಲಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಇರದಿದ್ದರೂ ಪುಟ್ಟದೊಂದು ಭೂತಗನ್ನಡಿ ಇರುತ್ತದೆ. ಅದು ಪಂಚಾಂಗ ನೋಡುವುದಕ್ಕಲ್ಲ, ಕೇಬಲಿನ ಮೈಮೇಲೆ ಇರುವೆಗಾತ್ರದಲ್ಲಿ ಅಚ್ಚಾದ ಅಕ್ಷರ ಓದುವುದಕ್ಕೆ. ಒಳಗೆ ಬಂದವರು ಎದುರಿಗೆ ಹೊಳೆಯುತ್ತಿರುವ ಇಪ್ಪತ್ತೇಳು ಇಂಚಿನ ಪರದೆಯತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ನೇರ ಅದರ ಬೆನ್ನ ಹಿಂದೆ ಹೋಗಿ ಬಗ್ಗುತ್ತಾರೆ. ಹೆಣ್ಣು ನೋಡಲು ಬಂದು ಅಡುಗೆಮನೆಯ ಸಿಂಕು ಪರೀಕ್ಷಿಸುವ ಅತ್ತೆ ಸಿಕ್ಕಿದಂತೆ ಮನೆಯವರಿಗೆ ಗಾಬರಿಯಾಗುತ್ತದೆ.

“ಈ ಕೇಬಲ್ ಎಲ್ಲಿಂದ ಬಂತು?”

“ಮನೇಲೇ ಇತ್ತು ಅಂಕಲ್. ಹಳೇ ಸೆಟ್‌ಟಾಪ್ ಬಾಕ್ಸ್ ಜೊತೆ ಕೊಟ್ಟಿದ್ರು.”

“ಮಾನಿಟರ್ ಜೊತೆ ಬಂದದ್ದು?”

“ಅದು ಡಬ್ಬದಲ್ಲೇ ಇದೆ. ಡಬ್ಬ ಅಟ್ಟದ ಮೇಲೆ.”

ರಾಯರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅರ್ಧ ಬೆಂಗಳೂರಿನ ಸರಿಯಾದ ಕೇಬಲ್‌ಗಳೆಲ್ಲ ಅಟ್ಟದ ಮೇಲಿವೆ, ತಪ್ಪು ಕೇಬಲ್‌ಗಳೆಲ್ಲ ಮೇಜಿನ ಮೇಲಿವೆ ಎಂಬುದು ಅವರ ಖಚಿತ ಅಭಿಪ್ರಾಯ. ಮಾನಿಟರಿಗೆ ಮೂವತ್ತು-ನಲವತ್ತು ಸಾವಿರ ಸುರಿಯಲು ಹಿಂಜರಿಯದವರು ಕೇಬಲ್ ಮಾತ್ರ ಪುಕ್ಕಟೆ ಸಿಗಬೇಕು ಎನ್ನುತ್ತಾರಲ್ಲ, ಅದು ಅವರ ಜೀವನದ ದೊಡ್ಡ ದುಃಖ.

ಅವರ ಮನೆಯಲ್ಲಿ ಕೇಬಲ್‌ಗಳಿಗೇ ಒಂದು ಬೀರು ಇದೆ. ಎಲ್ಲವನ್ನೂ ಮದುವೆಗಳಲ್ಲಿ ಕೊಟ್ಟ ತಾಂಬೂಲದ ಚೀಲಗಳಲ್ಲಿ ವಿಂಗಡಿಸಿಟ್ಟಿದ್ದಾರೆ. ಚೀಲಕ್ಕೆ ಬೇರೆ ಚೀಟಿ ಅಂಟಿಸಿಲ್ಲ. ವಧೂವರರ ಹೆಸರೇ ಗುರುತು. 1987ರಲ್ಲಿ ಐಬಿಎಂ ತಂದ, ಹದಿನೈದು ಪಿನ್ನಿನ, ಅಕ್ಕಪಕ್ಕ ಎರಡು ತಿರುಪು ಇರುವ ವಿಜಿಎ ಕೇಬಲ್‌ಗಳು ‘ಸುಮಾ–ಪ್ರಶಾಂತ್’ ಚೀಲದಲ್ಲಿವೆ. 1999ರ ಡಿವಿಐ ‘ವೀಣಾ–ರಾಘವೇಂದ್ರ’ದಲ್ಲಿ. 2002ರ ಕೊನೆಗೆ ಹುಟ್ಟಿ ಈಗ ಮನೆಮನೆಯಲ್ಲೂ ಇರುವ ಎಚ್‌ಡಿಎಂಐಗೆ ಒಂದು ಚೀಲ ಸಾಲದೆ ಅಕ್ಕತಂಗಿಯರ ಜೋಡಿಮದುವೆಯ ಎರಡು ಚೀಲ ಮೀಸಲು. 2006ರ ಡಿಸ್‌ಪ್ಲೇಪೋರ್ಟಿಗೆ ಜಿಪ್ ಇರುವ, ಸ್ವಲ್ಪ ಅನುಕೂಲಸ್ಥರ ಮದುವೆಯ ಚೀಲ.

ರಾಯರು ಯಾರ ಮನೆಯಿಂದಲೋ ಫೋನ್ ಮಾಡಿ, “ಲೇ, ಆ ಸುಮಾ-ಪ್ರಶಾಂತ್ ಕೊಟ್ಟುಕಳಿಸೇ,” ಎಂದರೆ, ಮನೆಯಾಕೆ ಬೀರು ತೆರೆಯುತ್ತ, “ಅವರಿಬ್ಬರೂ ಬೇರೆಯಾಗಿ ಐದು ವರ್ಷ ಆಯ್ತು ಕಣ್ರೀ, ನಿಮ್ಮ ವೈರುಗಳು ಮಾತ್ರ ಇನ್ನೂ ಒಟ್ಟಿಗೇ ಇವೆ,” ಎನ್ನುತ್ತಾರೆ.

ರಾಯರಿಗೆ ಕೆಲಸಕ್ಕಿಂತ ಕಾರಣ ಹೇಳುವುದರಲ್ಲಿ ಸುಖ ಹೆಚ್ಚು. ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗನೊಬ್ಬ ತನ್ನ ಮಾನಿಟರಿನೊಂದಿಗೆ ಮೂರು ತಿಂಗಳಿಂದ ಸಂತೋಷವಾಗಿದ್ದ. ಗಣೇಶನ ಹಬ್ಬದ ಚಂದಾ ಕೇಳಲು ಹೋದ ರಾಯರು ಸುಮ್ಮನೆ ಮೌಸ್ ಹಿಡಿದು ಎರಡು ಸುತ್ತು ತಿರುಗಿಸಿದರು.

“ಬಾಣ ಎಳೀತಾ ಇದೆ ನೋಡು. 30 ಹರ್ಟ್ಸ್.”

ಅಲ್ಲಿಗೆ ಆ ಹುಡುಗನ ನೆಮ್ಮದಿ ಮುಗಿಯಿತು. ಅದುವರೆಗೆ ಬಾಣ ಎಳೆಯುವುದು ಅವನಿಗೆ ಕಂಡಿರಲಿಲ್ಲ. ಆ ಕ್ಷಣದಿಂದ ಬೇರೇನೂ ಕಾಣದಾಯಿತು. ಸೆಟ್ಟಿಂಗ್ಸ್ ತೆರೆದು ನೋಡಿದರೆ 30 ಹರ್ಟ್ಸೇ. ರಾಯರು ಕುರ್ಚಿ ಎಳೆದುಕೊಂಡು ಕೂತರು. ಚಂದಾ ಪುಸ್ತಕ ಪಕ್ಕಕ್ಕೆ ಹೋಯಿತು.

“ಇದನ್ನ ಪಂಕ್ತಿ ಊಟ ಅಂತ ತಿಳ್ಕೋ. ಈ ಪರದೆಯಲ್ಲಿ 2,160 ಪಂಕ್ತಿ. ಒಂದೊಂದು ಪಂಕ್ತಿಗೆ 3,840 ಎಲೆ. ಒಟ್ಟು 82,94,400 ಎಲೆ. ಎಲೆಗೆ ಕೆಂಪು, ಹಸಿರು, ನೀಲಿ ಅಂತ ಮೂರು ಬಗೆ. ಬಗೆಗೆ 8 ಬಿಟ್, ಒಟ್ಟು 24. ಇಷ್ಟನ್ನೂ ಬಡಿಸಿ ಮುಗಿಸೋದು ಒಂದು ಸಲ ಅಲ್ಲಪ್ಪ, ಸೆಕೆಂಡಿಗೆ 60 ಸಲ! ಲೆಕ್ಕ ಹಾಕು, ಸುಮಾರು 1,194 ಕೋಟಿ ಬಿಟ್. ಅದೂ ಎಲೆಗೆ ಬಿದ್ದದ್ದು ಮಾತ್ರ; ಓಡಾಟದ ಖರ್ಚು ಬೇರೆ. ನಿನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ ತೂತು 1.4, 2009ರ ಕಾಲದ್ದು. ಸೆಕೆಂಡಿಗೆ 1,020 ಕೋಟಿಗಿಂತ ಹೆಚ್ಚು ಹೊರೋ ಶಕ್ತಿ ಅದಕ್ಕಿಲ್ಲ. ಅದೇನು ಮಾಡುತ್ತೆ? 60 ಸಲ ಬರೋ ಕಡೆ 30 ಸಲ ಬಂದು ಹೋಗುತ್ತೆ. 2013ರಲ್ಲಿ 2.0 ಬಂತು, 1,800 ಕೋಟಿ ಹೊರುತ್ತೆ. ಆಮೇಲೆ ಊಟ ಸರಾಗ.”

ಹುಡುಗ ತಲೆಯಾಡಿಸಿದ. ರಾಯರಿಗೆ ಹುರುಪು ಬಂತು.

“ಇನ್ನು ಕೆಲವರು ಕಿಲಾಡಿಗಳು. 60 ಸಲವೂ ಬರ್ತಾರೆ, ಆದರೆ ಅನ್ನ ಪ್ರತಿ ಎಲೆಗೂ ಹಾಕಿ, ಪಲ್ಯ ಮಾತ್ರ ನಾಲ್ಕು ಎಲೆಗೆ ಸೇರಿಸಿ ಒಂದೇ ಸೌಟು. ಬೆಳಕು ಒಂದೊಂದು ಚುಕ್ಕಿಗೂ ಬೇರೆ ಬೇರೆ, ಬಣ್ಣ ನಾಲ್ಕು ಚುಕ್ಕಿಗೆ ಒಂದೇ. ಸಿನಿಮಾ ನೋಡೋರಿಗೆ ಗೊತ್ತೇ ಆಗಲ್ಲ. ಕಪ್ಪು ಹಿನ್ನೆಲೆಯಲ್ಲಿ ಕೆಂಪಕ್ಷರದ ಕೋಡ್ ಬರೆಯೋ ನಿನ್ನಂಥವರಿಗೆ ಅಕ್ಷರದ ಅಂಚೆಲ್ಲ ಕಲಸಿಹೋಗುತ್ತೆ.”

ಒಳಗೆ ಒಗ್ಗರಣೆ ಹಾಕುತ್ತಿದ್ದ ಹುಡುಗನ ತಾಯಿಗೆ ಈ ಪ್ರವಚನದಲ್ಲಿ ಕೇಳಿಸಿದ್ದು ಎಲೆ, ಅನ್ನ, ಪಲ್ಯ ಇಷ್ಟೇ. “ಅಯ್ಯೋ, ಅದಕ್ಕೇನಂತೆ ರಾಯರೇ, ಇಲ್ಲೇ ಊಟ ಮಾಡ್ಕೊಂಡು ಹೋಗಿ,” ಎಂದರು. ರಾಯರು ಬೇಡ ಎನ್ನಲಿಲ್ಲ.

ಅದೇ ಲ್ಯಾಪ್‌ಟಾಪಿನ ಇನ್ನೊಂದು ಬದಿಯಲ್ಲಿದ್ದ ಯುಎಸ್‌ಬಿ-ಸಿ ತೂತಿನಿಂದ ಡಿಸ್‌ಪ್ಲೇಪೋರ್ಟಿಗೆ ಒಂದು ಕೇಬಲ್ ಎಳೆದರೆ 60 ಹರ್ಟ್ಸ್ ಬರುತ್ತಿತ್ತು. ಇದು ರಾಯರಿಗೆ ಮೊದಲ ನಿಮಿಷಕ್ಕೇ ಗೊತ್ತಿತ್ತು. ಆದರೆ ಊಟ ಮುಗಿದು ಮಜ್ಜಿಗೆ ಬರುವವರೆಗೂ ಹೇಳಲಿಲ್ಲ. ಅಲ್ಲೇ ಅವರ ಸ್ವಭಾವದ ಗುಟ್ಟಿರುವುದು. ಪರದೆ ಕಪ್ಪಗಿರುವಷ್ಟು ಹೊತ್ತು ಮನೆಯೆಲ್ಲ ಅವರ ಮುಖ ನೋಡುತ್ತದೆ. ಚಿತ್ರ ಬಂದ ಕೂಡಲೇ ಎಲ್ಲರೂ ಚಿತ್ರ ನೋಡುತ್ತಾರೆ. ಹಾಗಾಗಿ ಚಿತ್ರ ಬರಿಸುವುದರಲ್ಲಿ ಅವರಿಗೆ ಅವಸರವಿಲ್ಲ.

ಕೇಬಲ್ ಕೊಳ್ಳಲು ಅವರ ಜೊತೆ ಎಸ್.ಪಿ. ರೋಡಿಗೆ ಹೋಗುವುದು ಒಂದು ವಿದ್ಯಾಭ್ಯಾಸ. ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳುವವರು ಆ ಬೀದಿಯಲ್ಲಿ ಅವರೊಬ್ಬರೇ ಇರಬೇಕು. ಅಂಗಡಿಯವನು ಉತ್ಸಾಹದಿಂದ, “ಇದು ತಗೊಳ್ಳಿ ಸಾರ್, ಗೋಲ್ಡ್ ಪ್ಲೇಟೆಡ್, ಚಿತ್ರ ಫಳಫಳ ಅಂತ ಬರುತ್ತೆ,” ಎನ್ನುತ್ತಾನೆ.

“ಚಿನ್ನ ಯಾಕಪ್ಪ ಹಾಕೋದು? ತುಕ್ಕು ಹಿಡೀದೇ ಇರಲಿ ಅಂತ. ಬರೋದು ಸೊನ್ನೆ, ಒಂದು. ಸೊನ್ನೆಗೆ ಚಿನ್ನ ಹಾಕಿದರೂ ಸೊನ್ನೆಯೇ.”

“ಹಂಗಾದ್ರೆ ಇದು ನೋಡಿ, ಟೂ ಪಾಯಿಂಟ್ ಒನ್ ಕೇಬಲ್.”

“ಪಾಯಿಂಟ್ ಗೀಯಿಂಟ್ ಎಲ್ಲ ತೂತಿನ ಲೆಕ್ಕ, ಕೇಬಲಿಂದಲ್ಲ. ಕೇಬಲಿಗೆ ಇರೋದು ದರ್ಜೆ. ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್. ಅಲ್ಟ್ರಾ ಅಂದ್ರೆ 48 ಗಿಗಾಬಿಟ್. ಅದರ ಡಬ್ಬದ ಮೇಲೆ ಸ್ಕ್ಯಾನ್ ಮಾಡೋ ಚೀಟಿ ಇರಬೇಕು. ಎಲ್ಲಿ, ತೋರಿಸು?”

ಅಂಗಡಿಯವನು ಪಕ್ಕದ ಗಿರಾಕಿಯ ಕಡೆ ತಿರುಗುತ್ತಾನೆ. ಆ ಗಿರಾಕಿಯ ಕೈಯಲ್ಲಿ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್. ರಾಯರಿಗೆ ತಡೆಯದು. “ನಿಮ್ಮ ಕಂಪ್ಯೂಟರಲ್ಲಿ ಯಾವುದಿದೆ ಸ್ವಾಮಿ? ಎಚ್‌ಡಿಎಂಐಯಾ? ಹಾಗಾದ್ರೆ ಬೇಡ. ಇದು ಒನ್‌ವೇ. ಡಿಸ್‌ಪ್ಲೇಪೋರ್ಟ್ ಕಂಪ್ಯೂಟರಿನ ಕಡೆ, ಎಚ್‌ಡಿಎಂಐ ಮಾನಿಟರಿನ ಕಡೆ. ತಿರುಗಿಸಿ ಹಾಕಿದ್ರೆ ಚಿತ್ರ ಬರಲ್ಲ. ಆ ಕಡೆಯಿಂದ ಈ ಕಡೆ ಬರಬೇಕಾದ್ರೆ ಒಳಗೆ ಚಿಪ್ ಇರೋ ಪರಿವರ್ತಕವೇ ಬೇಕು.” ಆ ಗಿರಾಕಿ ಕೇಬಲ್ ಕೆಳಗಿಟ್ಟು ಕೈ ಮುಗಿದು ಹೋಗುತ್ತಾನೆ. ಅಂಗಡಿಯವನೂ ಕೈ ಮುಗಿಯುತ್ತಾನೆ, ಬೇರೆ ಅರ್ಥದಲ್ಲಿ.

ಪುರಾಣ ಹೇಳುವ ಮನಸ್ಸಾದರೆ ರಾಯರು 2001ಕ್ಕೆ ಹೋಗುತ್ತಾರೆ. “ಈಗಿನವರು ಫೋರ್ ಕೆ ಅಂತ ಕುಣೀತಾರೆ. ಐಬಿಎಂ ಅವತ್ತೇ 22 ಇಂಚಿನಲ್ಲಿ 3,840ಕ್ಕೆ 2,400 ಚುಕ್ಕಿ ಇಟ್ಟ ಮಾನಿಟರ್ ಮಾಡಿತ್ತು. ಪರದೆ ರೆಡಿ, ಆದರೆ ಅಷ್ಟನ್ನು ಹೊರೋ ಕೇಬಲ್ ಜಗತ್ತಲ್ಲೇ ಇರಲಿಲ್ಲ. ಪರದೆಯನ್ನ ಪಾಲು ಮಾಡಿ, ಪೂರ್ತಿ ವೇಗಕ್ಕೆ ನಾಲ್ಕು ಡಿವಿಐ ದಾರಿ ಎಳೆಯಬೇಕಿತ್ತು. 2014ರಲ್ಲಿ ಡೆಲ್‌ನ ಫೈವ್ ಕೆ ಮಾನಿಟರ್ ಬಂದಾಗಲೂ ಅದೇ ಕಥೆ, ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್. ಪರದೆ ಯಾವಾಗಲೂ ಮುಂದೆ ಓಡುತ್ತೆ, ಕೇಬಲ್ ಹಿಂದಿನಿಂದ ಏದುಸಿರು ಬಿಡ್ತಾ ಬರುತ್ತೆ.”

ಯುಎಸ್‌ಬಿ-ಸಿ ಬಂದಾಗ ರಾಯರ ಕಾಲ ಮುಗಿಯಿತು ಎಂದು ಬ್ಲಾಕಿನಲ್ಲಿ ಎಲ್ಲರೂ ಭಾವಿಸಿದ್ದೆವು. 2014ರ ಈ ತೂತಿಗೆ 24 ಪಿನ್ನು; ಮೇಲೆ-ಕೆಳಗೆ ಎಂಬ ಭೇದವಿಲ್ಲ, ಹೇಗೆ ಚುಚ್ಚಿದರೂ ಸರಿ. ಚಾರ್ಜಿಂಗೂ ಅದೇ, ಡೇಟಾನೂ ಅದೇ, ಮಾನಿಟರೂ ಅದೇ. ಇನ್ನು ರಾಯರ ಬೀರು ಗುಜರಿಗೆ, ತಾಂಬೂಲದ ಚೀಲ ತರಕಾರಿಗೆ ಎಂದುಕೊಂಡೆವು. ಆದದ್ದು ತಿರುಗುಮುರುಗು, ರಾಯರ ಸುವರ್ಣಯುಗ ಶುರುವಾದದ್ದೇ ಅಲ್ಲಿಂದ.

ಹಿಂದೆ ತಪ್ಪು ಮಾಡಬೇಕಾದರೂ ಶ್ರಮಪಡಬೇಕಿತ್ತು. ವಿಜಿಎಯ ನೀಲಿ ಮೂತಿಯನ್ನು ಡಿವಿಐಯ ಬಿಳಿ ಬಾಯಿಗೆ ತುರುಕಿದರೆ ಅದು ಒಪ್ಪುತ್ತಿರಲಿಲ್ಲ. ಹೊಂದದಿರುವುದೇ ಒಂದು ಉಪಕಾರವಾಗಿತ್ತು. ಈಗ ಎಲ್ಲವೂ ಎಲ್ಲದಕ್ಕೂ ಹೊಂದುತ್ತದೆ, ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಫೋನಿನ ಜೊತೆ ಬಂದ ಬಿಳಿ ಕೇಬಲನ್ನು ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಸಿಕ್ಕಿಸಿ, ಕಪ್ಪು ಪರದೆಯ ಮುಂದೆ ಕೂತ ನಾಲ್ಕನೇ ಮಹಡಿಯವನೊಬ್ಬ ವಾದಕ್ಕಿಳಿದ.

“ಸರಿಯಾಗಿ ಕೂತಿದೆಯಲ್ಲ ಅಂಕಲ್!”

“ಕೂರೋದೇ ಬೇರೆ, ಕೆಲಸ ಮಾಡೋದೇ ಬೇರೆ ಕಣಪ್ಪ. ನಮ್ಮ ಆಫೀಸಲ್ಲೂ ಹಾಗೇ ಇತ್ತು.”

ಆಮೇಲೆ ಭೂತಗನ್ನಡಿ ಹೊರಬಂತು. ಆ ಕೇಬಲಿನಲ್ಲಿ ಕರೆಂಟಿನ ತಂತಿ ಇದೆ, ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸುವ ಹಳೆಯ ಯುಎಸ್‌ಬಿ 2.0 ತಂತಿ ಇದೆ. ಚಿತ್ರ ಸಾಗಿಸಬೇಕಾದ ವೇಗದ ಜೋಡಿಗಳನ್ನು ಮಾಡಿದವರು ಹಾಕಿಯೇ ಇಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ತೂತಿನದೂ ಅದೇ ಪಾಡು. ಒಂದೇ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಎರಡು ತೂತಿದ್ದರೆ ಒಂದು ಚಿತ್ರ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ. ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಥಂಡರ್‌ಬೋಲ್ಟ್, ಡಿಸ್‌ಪ್ಲೇಪೋರ್ಟಿನ ಗುರುತಿದ್ದರೂ ಪರವಾಗಿಲ್ಲ. ಯಾವ ಗುರುತೂ ಇಲ್ಲದಿದ್ದರೆ ರಾಯರನ್ನು ಕೇಳಬೇಕು. “ಎಲ್ಲ ಒಂದೇ ಥರ ಮಾಡಿಬಿಟ್ಟರು, ಇನ್ನು ನನಗೆ ಬಿಡುವಿಲ್ಲ,” ಎಂದು ಅವರು ನಿಟ್ಟುಸಿರು ಬಿಟ್ಟರೂ ಮುಖದಲ್ಲಿ ಮದುವೆಮನೆಯ ಕಳೆ.

ಅವರಿಗೆ ಸೋಲುಣಿಸಿದ ಪ್ರಸಂಗ ಈಚಿನದು. ಎದುರಿನ ಫ್ಲ್ಯಾಟಿಗೆ ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಮಾನಿಟರ್ ತರಿಸಿದಳು. ವಾಡಿಕೆಯಂತೆ ಕೆಮ್ಮು, ವಾಡಿಕೆಯಂತೆ ಪ್ರಶ್ನೆ. ಒಳಗೆ ಹೋಗಿ ನೋಡಿದರೆ ಪರದೆಯ ಮೇಲೆ ಚಿತ್ರ ಆಗಲೇ ಬಂದಿದೆ! ರಾಯರು ಮೌಸ್ ತಿರುಗಿಸಿದರು. ಬಾಣ ಎಳೆಯಲಿಲ್ಲ. ಸೆಟ್ಟಿಂಗ್ಸ್ ನೋಡಿದರು. 60 ಹರ್ಟ್ಸ್. ಕೆಂಪಕ್ಷರ ಬರೆಸಿದರು. ಅಂಚು ಚೊಕ್ಕ. ಅಕ್ಷರ ತೀರ ಸಣ್ಣದಾಗಿರಬೇಕಲ್ಲ ಎಂದರು. ಅವಳು ಸ್ಕೇಲಿಂಗನ್ನು ಶೇಕಡಾ 150ಕ್ಕೆ ಇಟ್ಟಾಗಿತ್ತು. ಹಿಂದೆ ಬಗ್ಗಿದರೆ ಒಂದೇ ಒಂದು ಕೇಬಲ್. ಚಿತ್ರವೂ ಅದರಲ್ಲೇ, ಲ್ಯಾಪ್‌ಟಾಪಿನ ಚಾರ್ಜೂ ಅದರಲ್ಲೇ. ಭೂತಗನ್ನಡಿ ಹಿಡಿದರೆ ಮಿಂಚಿನ ಗುರುತು, ಪಕ್ಕದಲ್ಲಿ 4.

“ಥಂಡರ್‌ಬೋಲ್ಟ್ 4. ನಲವತ್ತು ಗಿಗಾಬಿಟ್,” ಎಂದು ಒಪ್ಪಿಕೊಂಡರು. “ಕೇಬಲಿಗೇ ಎರಡು ಸಾವಿರದ ಮೇಲೆ ಕೊಟ್ಟಿರಬೇಕಲ್ಲಮ್ಮ?”

“ಹೌದು ಅಂಕಲ್. ಮಾನಿಟರ್ ಆರ್ಡರ್ ಮಾಡೋ ಮೊದಲೇ ಕೇಬಲ್ ಯಾವುದು ಬೇಕು ಅಂತ ನೋಡ್ಕೊಂಡಿದ್ದೆ.”

ಬದುಕಿಡೀ ರಾಯರು ಜನಕ್ಕೆ ಹೇಳುತ್ತ ಬಂದದ್ದು ಇದನ್ನೇ. ಹೇಳಿದ್ದನ್ನು ಒಬ್ಬರು ಮಾಡಿಯೇ ಬಿಟ್ಟಾಗ ಏನು ಮಾಡಬೇಕೆಂದು ಅವರು ಯೋಚಿಸಿರಲಿಲ್ಲ. ಬೀರುವಿನ ಚೀಲಗಳಿಗೆಲ್ಲ ಒಟ್ಟಿಗೇ ವಯಸ್ಸಾದಂತೆ ಒಂದು ಗಳಿಗೆ ನಿಂತರು. “ಒಳ್ಳೇದಮ್ಮ,” ಎಂದು ಹೊರಟರು. ಒಂದು ಕಾಲಿಗೆ ಚಪ್ಪಲಿ ಹಾಕಿಯೂ ಆಯಿತು. ಇನ್ನೊಂದು ಕಾಲು ನೆಲದ ಮೇಲೆಯೇ ನಿಂತಿತು.

“ಒಂದು ಹಾಡು ಹಾಕಮ್ಮ, ನೋಡೋಣ.”

ಹುಡುಗಿ ಹಾಡು ಹಾಕಿದಳು. ಪರದೆಯ ಮೇಲೆ ಗಾಯಕಿ ಬಾಯಿ ತೆರೆದಳು, ಮುಚ್ಚಿದಳು. ಸದ್ದಿಲ್ಲ. ಹುಡುಗಿ ವಾಲ್ಯೂಮ್ ಏರಿಸಿದಳು. ಊಹೂಂ. ಲ್ಯಾಪ್‌ಟಾಪು ತನ್ನ ಸದ್ದನ್ನೆಲ್ಲ ನಿಷ್ಠೆಯಿಂದ ಆ ಕೇಬಲಿಗೇ ಒಪ್ಪಿಸಿತ್ತು. ಮಾನಿಟರಿಗೆ ಇದ್ದದ್ದು ಹೆಡ್‌ಫೋನಿನ ತೂತು ಮಾತ್ರ, ಸ್ಪೀಕರ್ ಇರಲಿಲ್ಲ.

ರಾಯರು ಚಪ್ಪಲಿ ಬಿಟ್ಟು ಒಳಗೆ ಬಂದರು, ಕುರ್ಚಿ ಎಳೆದುಕೊಂಡರು.

“ನನಗೆ ಕಾಫಿಗೆ ಸಕ್ಕರೆ ಕಡಿಮೆ ಇರಲಮ್ಮ. ಈ ಸದ್ದಿನದು ಸ್ವಲ್ಪ ದೊಡ್ಡ ಕಥೆ.”