ಉತ್ತರನ ನಿಲುಗಡೆ

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಕನ್ನಡ ಓದುವುದನ್ನು ಮೆಟ್ರೊ ರೈಲಿನಲ್ಲಿ ಕಲಿತವರು. ಪಾಂಡವರ ವನವಾಸ ಮುಗಿಯುವುದೂ ಒಂದೇ, ನಾಡಪ್ರಭು ಕೆಂಪೇಗೌಡ ನಿಲ್ದಾಣ ಬರುವುದೂ ಒಂದೇ. ಕೀಚಕ ಸತ್ತರೂ ಬಾಗಿಲು ಎಡಕ್ಕೇ ತೆರೆಯುತ್ತದೆ. ಹೀಗಾಗಿ ಸಂಘದ ಕಾರ್ಯದರ್ಶಿ “ರಾಜ್ಯೋತ್ಸವಕ್ಕೆ ಮಕ್ಕಳಿಂದ ಏನಾದ್ರೂ ಮಾಡಿಸಿ ಸರ್” ಎಂದದ್ದೇ ತಡ, “ಭಾವಪೂರ್ಣ ವಾಚನ!” ಎಂದುಬಿಟ್ಟೆ. ಹೆಂಡತಿ ಒಳಗಿನಿಂದ ಕೆಮ್ಮಿದಳು.

ಆರಿಸಿದ್ದು ಕುಮಾರವ್ಯಾಸನ ವಿರಾಟಪರ್ವ. ಮಳೆ ಬರಲೆಂದು ಹಳ್ಳಿಗಳಲ್ಲಿ ಓದಿಸುವ ಪರ್ವ. ಇಲ್ಲಿ ಭಾವವಾದರೂ ಬಂದೀತು. ಅದರಲ್ಲೂ ಉತ್ತರಕುಮಾರ! ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುವ ಮಹಾಶೂರ. ಕತೆಯನ್ನು ಗದ್ಯದಲ್ಲಿ ಬರೆದು ನಡುವೆ ಒಂದೆರಡು ಷಟ್ಪದಿ ಸೇರಿಸಿದೆ. ಭಾಮಿನಿಯ ಮೊದಲ ಸಾಲಿಗೆ 14 ಮಾತ್ರೆ, ಮೂರು-ನಾಲ್ಕು, ಮೂರು-ನಾಲ್ಕು ಎಂದು ತಿಳಿದ ಮೇಲೆ ಮಕ್ಕಳು ಪದ ಮುರಿದರೂ ಮಾತ್ರೆ ಬಿಡಲೊಲ್ಲರು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರ ಗಮಕ ಕೇಳಿಸಿ, “ಗಮಕಿಗಳು ಅರ್ಥ ನೋಡ್ಕೊಂಡು ನಿಲ್ತಾರೆ, ಸಾಲು ನೋಡ್ಕೊಂಡಲ್ಲ. ಇವರಿಗೆ 2022ರಲ್ಲಿ ಪದ್ಮಶ್ರೀ ಬಂತು” ಎಂದೆ. “ನೀವೂ ಸರ್ಟಿಫಿಕೇಟ್ ಕೊಡ್ತೀರಾ ಅಂಕಲ್?” ಎಂದು ಒಬ್ಬ ತಾಯಿ ಕೇಳಿದರು.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಜಗುಲಿಯಲ್ಲಿ ಭಾರತ ಓದುತ್ತ ತಡವರಿಸಿದರೆ ಮುಂದಿನ ಪದ ಅಡುಗೆಮನೆಯಿಂದ ಬರುತ್ತಿತ್ತು. ಇಲ್ಲಿ ಎರಡೆರಡು ಪದವಿಯ ಅಪ್ಪಂದಿರು ಮಗ ಓದುವುದನ್ನು ಕೇಳುವುದಿಲ್ಲ, ವಿಡಿಯೊ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನೂ ಕೇಳುವುದಿಲ್ಲ. ಎದುರಿಗೆ ಕಿವಿಯೇ ಇಲ್ಲದ ಮೇಲೆ ಆ ಹುಡುಗ ಭಾವ ಯಾರಿಗೆಂದು ತರಬೇಕು?

ಇರಲಿ. ಉತ್ತರನಾಗಿ ಸಿಕ್ಕವನು ಮೂರನೇ ಮಹಡಿಯ ಹುಡುಗ. “ಕೌರವ ಸೇನೆ ಕಂಡ ಕೂಡಲೇ ಮಾತು ನಿಲ್ಲಿಸು. ಉಸಿರು ಬಿಗಿಹಿಡಿ. ಸಭೆಯ ಎದೆ ಢವಢವ ಅನ್ನೋವರೆಗೂ ಬಾಯಿ ತೆರೀಬೇಡ” ಎಂದು ಹೇಳಿಕೊಟ್ಟಿದ್ದೆ.

ರಾಜ್ಯೋತ್ಸವದ ಸಂಜೆ ಹುಡುಗ “ಆಗ ಉತ್ತರ ಕಂಡದ್ದು...” ಎಂದು ನಿಂತ. ಸಭೆ ಸ್ತಬ್ಧವಾಯಿತು. ನನಗೆ ರೋಮಾಂಚನ. ಅವನು ನಿಂತೇ ಇದ್ದ. ಮುಂದಿನ ಸಾಲಿನ ತಾತ ಕಿವಿಯ ಮಿಷನ್ ತಿರುವಿಕೊಂಡರು. ಮೈಕಿನವನು ವೈರು ಅಲ್ಲಾಡಿಸಿ “ಹಲೋ, ಚೆಕ್” ಎಂದ. ತಾಯಿ ಕೂತಲ್ಲಿಂದಲೇ ತುಟಿಯಾಡಿಸಿ ಮುಂದಿನ ವಾಕ್ಯ ಹೇಳಿಕೊಟ್ಟರು; ಹುಡುಗ ಕೌರವ ಸೇನೆ ಅವರೇ ಎಂಬಂತೆ ದಿಟ್ಟಿಸಿದ. ಯಾರೋ “ಪಾಪ” ಎಂದರು. ಯಾರೋ ಧೈರ್ಯ ತುಂಬಲು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ವಂದನಾರ್ಪಣೆಯ ಚೀಟಿ ಹಿಡಿದು ಎದ್ದರು. ಜುಬ್ಬಾ ಜಗ್ಗಿ ಕೂರಿಸಿ, “ಮರೆತಿಲ್ಲ ಸ್ವಾಮಿ, ಭಾವ!” ಎಂದೆ. ಹಿಂದಿನಿಂದ ಬಿಸಿಬೇಳೆಬಾತಿನ ಘಮ ಬಂತು, ಕೊನೆಯ ಸಾಲು ಕರಗತೊಡಗಿತು. ಹುಡುಗನ ಕಿವಿ ಕೆಂಪಾಗಿತ್ತು, ಬಾಯಿ ಮಾತ್ರ ಬಿಗಿದೇ ಇತ್ತು. ಪಂಪನಿಂದೀಚೆಗೆ ಕನ್ನಡದಲ್ಲಿ ಇಷ್ಟುದ್ದದ ಅಲ್ಪವಿರಾಮವನ್ನು ಯಾರೂ ಹಾಕಿರಲಾರರು.

ಕೊನೆಗೆ ಕೈಯಲ್ಲಿದ್ದ ಹಾಳೆ ಬಿಸಾಡಿ, ವೇದಿಕೆಯಿಂದ ಧುಮುಕಿ, ಲಿಫ್ಟಿನ ಕಡೆ ಓಟ ಕಿತ್ತ.

ಕತೆಯಲ್ಲೂ ಉತ್ತರ ಓಡುತ್ತಾನೆ, ಸರಿ. ಆದರೆ ಓಡೆಂದು ನಾನು ಹೇಳಿಕೊಟ್ಟಿರಲಿಲ್ಲ. ಭಯವೋ ಭಾವವೋ ಆ ಭಗವಂತನೇ ಬಲ್ಲ. ಸಭೆಗೆ ಕೇಳುವಂತೆ “ಭಲೆ!” ಎಂದು ಕೂಗಿ, ಓಡುವ ಉತ್ತರನನ್ನು ಹಿಡಿದು ತರುವ ಬೃಹನ್ನಳೆಯ ಪಾತ್ರಕ್ಕೆ ಬೇರೆ ಗತಿಯಿಲ್ಲದೆ ಪಂಚೆ ಎತ್ತಿಕಟ್ಟಿ ನಾನೇ ಬೆನ್ನಟ್ಟಿದೆ. ಲಿಫ್ಟ್ ಬಂದಿರಲಿಲ್ಲ, ಹುಡುಗ ಸಿಕ್ಕ. ಏದುಸಿರು ಬಿಡುತ್ತ, “ಅಂಕಲ್, ಈಗ ನಿಮ್ಮ ಡೈಲಾಗು” ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಅಮ್ಮ ಬಂದರು. ಅವರಿಗೆ ನಾನು ತರಬೇತಿ ಕೊಟ್ಟಿರಲಿಲ್ಲ, ಆದರೂ ಏರಿಳಿತ, ನಿಲುಗಡೆ, ರೌದ್ರ, ಯಾವುದೂ ಕಡಿಮೆಯಿರಲಿಲ್ಲ.